ದೂರವನ್ನು ಹತ್ತಿರಕ್ಕೆ ತಂದವನು

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಏರಿದವರಿಗೆ ಮೊದಲು ಕಾಣುವುದು ಕಲ್ಲು. ಬುರುಜಿನ ನೆತ್ತಿಯಲ್ಲಿ ನಿಂತ ಮೇಲೆ ಕಾಣುವುದು ಬಯಲು. ಪಾಳೆಯಗಾರರ ಕಾಲದಲ್ಲಿ ಈ ಬುರುಜುಗಳ ಮೇಲೆ ಹಗಲಿರುಳೂ ಕಾವಲಿರುತ್ತಿತ್ತು. ದಿಗಂತದಲ್ಲಿ ಎದ್ದ ಧೂಳು ದನದ ಮಂದೆಯದೋ ದಂಡಿನದೋ ಎಂಬುದನ್ನು ಕಾವಲುಗಾರನು ಬರಿಗಣ್ಣಿನಿಂದಲೇ ತಿಳಿಯಬೇಕಾಗಿತ್ತು. ಆ ಕಣ್ಣು ಅರೆಗಳಿಗೆ ತಪ್ಪಿದರೂ ಕೋಟೆಗೆ ಕೇಡು. ಕಾವಲಿನ ಗಂಡನು ಊಟಕ್ಕೆಂದು ಮನೆಗೆ ಬಂದಿದ್ದ ಹೊತ್ತಿನಲ್ಲಿ ಓಬವ್ವೆಯು ಕಳ್ಳಗಿಂಡಿಯ ಬಳಿ ಒನಕೆ ಹಿಡಿದು ನಿಂತ ಕಥೆಯನ್ನು ದುರ್ಗದ ಮಕ್ಕಳೆಲ್ಲರೂ ಬಲ್ಲರು. ಕಾವಲಿನವನಿಗೆ ನೆಮ್ಮದಿಯಾಗಿ ಒಂದು ತುತ್ತು ಉಣ್ಣಲೂ ಬಿಡುವಿಲ್ಲದ ಬಾಳು ಅದು.

ಇಂದು ಕೋಟೆಯ ಮೇಲೆ ನಿಲ್ಲುವವರಲ್ಲಿ ಕೆಲವರ ಕೊರಳಲ್ಲಿ ಜೋಡಿ ಕೊಳವೆಯ ದುರ್ಬೀನು ತೂಗುತ್ತಿರುತ್ತದೆ. ಇದನ್ನೇ ನಾವು ಬೈನಾಕ್ಯುಲರ್ ಎನ್ನುತ್ತೇವೆ. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರದ ದಂಡೆಯಲ್ಲಿ ಹಕ್ಕಿಗಳನ್ನು ನೋಡುವವರ ಕೈಯಲ್ಲಿಯೂ ಅದನ್ನು ಕಾಣಬಹುದು. ಹೊಸದುರ್ಗದ ತೆಂಗಿನ ತೋಟದ ಮನೆಯಲ್ಲಿಯೋ ಹೊಳಲ್ಕೆರೆಯ ಅಡಕೆ ತೋಟದ ಮನೆಯಲ್ಲಿಯೋ ಅಜ್ಜನ ಕಾಲದ ಪೆಟ್ಟಿಗೆಯನ್ನು ತೆರೆದಾಗ ಹಳೆಯದೊಂದು ಜರ್ಮನ್ ದುರ್ಬೀನು ದೊರೆತರೆ, ಅದರ ಮೇಲೆ ‘ಕಾರ್ಲ್ ಝೈಸ್, ಯೇನಾ’ ಎಂಬ ಬರಹವಿರುವುದು ಅಸಂಭವವೇನಲ್ಲ. ಕಾರ್ಲ್ ಝೈಸ್ ಎಂಬುದು ಕಾರ್ಖಾನೆಯನ್ನು ಸ್ಥಾಪಿಸಿದವನ ಹೆಸರು. ಯೇನಾ ಎಂಬುದು ಜರ್ಮನಿಯ ಒಂದು ಊರು. ಆದರೆ ಆ ದುರ್ಬೀನನ್ನು ತನ್ನ ಬುದ್ಧಿಯಿಂದ ರೂಪಿಸಿದವನ ಹೆಸರು ಅದರ ಮೇಲೆ ಎಲ್ಲಿಯೂ ಇಲ್ಲ. ಆತನೇ ಅರ್ನ್ಸ್ಟ್ ಅಬ್ಬೆ. ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಆತನ ಬಾಳನ್ನು ತಿಳಿದವರಿಗೆ ಈ ಹೆಸರು ಕನ್ನಡದ ಅರ್ಥದಲ್ಲಿಯೂ ಒಪ್ಪುತ್ತದೆ ಎನಿಸದಿರದು.

ಅರ್ನ್ಸ್ಟ್ ಅಬ್ಬೆ 1840ರ ಜನವರಿ 23ರಂದು ಜರ್ಮನಿಯ ಐಸೆನಾಖ್ ಎಂಬ ಊರಿನಲ್ಲಿ ಜನಿಸಿದನು. ತಂದೆ ನೂಲಿನ ಗಿರಣಿಯೊಂದರಲ್ಲಿ ಕೆಲಸಗಾರನಾಗಿದ್ದು ಮೇಸ್ತ್ರಿಯಾದವನು. ಗಿರಣಿಯಲ್ಲಿ ದಿನಕ್ಕೆ ಹದಿನಾಲ್ಕು ಗಂಟೆಯ ದುಡಿಮೆ. ಕೆಲಸದ ಒತ್ತಡ ಹೆಚ್ಚಿದರೆ ಹದಿನಾರು ಗಂಟೆ. ನಡುವೆ ಊಟದ ಬಿಡುವೆಂಬುದಿರಲಿಲ್ಲ. ಬಾಲಕ ಅಬ್ಬೆಯೂ ಅವನ ತಂಗಿಯೂ ಸರದಿಯ ಮೇಲೆ ತಂದೆಗೆ ಬುತ್ತಿ ಕೊಂಡೊಯ್ಯುತ್ತಿದ್ದರು. ತಂದೆ ಯಂತ್ರಕ್ಕೆ ಒರಗಿ ನಿಂತುಕೊಂಡೇ ಅವಸರ ಅವಸರವಾಗಿ ಉಂಡು, ಬರಿದಾದ ಪಾತ್ರೆಯನ್ನು ಮಗುವಿನ ಕೈಗಿತ್ತು, ಆ ಕ್ಷಣವೇ ಕೆಲಸಕ್ಕೆ ಮರಳುತ್ತಿದ್ದನು. ಎತ್ತರದ, ಗಟ್ಟಿಮುಟ್ಟಾದ ಆಳು ಆತ. ಆದರೆ ಐವತ್ತು ತುಂಬುವ ಮೊದಲೇ ಮುದುಕನಂತೆ ಬಾಗಿಹೋದನು. ಬುತ್ತಿಯ ಪಾತ್ರೆ ಹಿಡಿದು ನಿಂತಿದ್ದ ಬಾಲಕನ ಮನಸ್ಸಿನಲ್ಲಿ ಆ ನೋಟ ಅಚ್ಚೊತ್ತಿ ನಿಂತಿತು. ಮುಂದೆ ಆತನು ಬೆಳಕಿನ ಎಷ್ಟೋ ರಹಸ್ಯಗಳನ್ನು ಕಂಡುಕೊಂಡನು; ಆದರೂ ಬಾಲ್ಯದಲ್ಲಿ ಕಂಡ ಈ ಒಂದು ದೃಶ್ಯವನ್ನು ಎಂದಿಗೂ ಮರೆಯಲಿಲ್ಲ.

ಬಡತನವಿದ್ದರೂ ಹುಡುಗನ ಬುದ್ಧಿ ಚುರುಕಾಗಿತ್ತು. ತಂದೆಯ ಧಣಿಗಳು ಅದನ್ನು ಗಮನಿಸಿ ಅವನ ಓದಿಗೆ ನೆರವಾದರು. ಬಿಡುವಿನ ವೇಳೆಯಲ್ಲಿ ಪಾಠ ಹೇಳಿ ಸಂಪಾದಿಸುತ್ತ ಅಬ್ಬೆ ಯೇನಾ ಮತ್ತು ಗಾಟಿಂಗನ್ ವಿಶ್ವವಿದ್ಯಾನಿಲಯಗಳಲ್ಲಿ ಗಣಿತ ಹಾಗೂ ಭೌತವಿಜ್ಞಾನವನ್ನು ವ್ಯಾಸಂಗ ಮಾಡಿ, 1861ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದನು. 1863ರಲ್ಲಿ ಯೇನಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾದನು. ಅಲ್ಲಿ ದೊರೆಯುತ್ತಿದ್ದ ಆದಾಯ ಅತ್ಯಲ್ಪ. ದೊರೆತ ಗೌರವ ಮಾತ್ರ ದೊಡ್ಡದು.

ಅದೇ ಊರಿನಲ್ಲಿ ಕಾರ್ಲ್ ಝೈಸ್ ಎಂಬ ಕುಶಲ ಯಂತ್ರಕಾರನಿದ್ದನು. ಆತನು 1846ರಲ್ಲಿ ಆರಂಭಿಸಿದ ಕಾರ್ಯಾಗಾರದಲ್ಲಿ ಸೂಕ್ಷ್ಮದರ್ಶಕಗಳು ತಯಾರಾಗುತ್ತಿದ್ದವು. ಆ ಕಾಲದಲ್ಲಿ ಮಸೂರಗಳನ್ನು ಮಾಡುವುದು ಕೈಗುಣಕ್ಕೆ ಬಿಟ್ಟ ವಿದ್ಯೆಯಾಗಿತ್ತು. ಮಸೂರವನ್ನು ಉಜ್ಜುವುದು, ಜೋಡಿಸಿ ನೋಡುವುದು, ಸರಿಯಿಲ್ಲವಾದರೆ ಮತ್ತೊಂದನ್ನು ಉಜ್ಜುವುದು. ಹೀಗೆ ಹಲವು ಬಾರಿ ಸೋತ ಮೇಲೆ ಒಂದು ಒಳ್ಳೆಯ ಉಪಕರಣ ಸಿದ್ಧವಾಗುತ್ತಿತ್ತು. ಕಟ್ಟಡ ಕಟ್ಟುವವನು ಮೊದಲೇ ನಕ್ಷೆ ಬರೆದುಕೊಳ್ಳುವಂತೆ ಮಸೂರವನ್ನೂ ಮೊದಲೇ ಲೆಕ್ಕ ಹಾಕಿ ಮಾಡಬಾರದೇಕೆ ಎಂಬುದು ಝೈಸನ ಹಂಬಲ. 1866ರಲ್ಲಿ ಆತನು ಇಪ್ಪತ್ತಾರು ವರ್ಷದ ಅಬ್ಬೆಯ ನೆರವನ್ನು ಕೋರಿದನು.

ಅಬ್ಬೆ ಕೆಲಸಕ್ಕೆ ತೊಡಗಿದನು. ಆದರೆ ಮೊದಲು ದೊರೆತದ್ದು ಸೋಲು. ಶುದ್ಧ ಗಣಿತದಿಂದ ಲೆಕ್ಕ ಹಾಕಿ ಮಾಡಿದ ಮಸೂರಗಳು ಕೈಗುಣದಿಂದ ಮಾಡಿದವುಗಳಿಗಿಂತ ಕೆಳಮಟ್ಟದವಾಗಿದ್ದವು. ಬೇರೊಬ್ಬನಾಗಿದ್ದರೆ ಲೆಕ್ಕವನ್ನೇ ಬದಿಗಿಡುತ್ತಿದ್ದನು. ಅಬ್ಬೆ ಸೋಲಿನ ಕಾರಣವನ್ನು ಹುಡುಕಿದನು. ದೋಷಗಳನ್ನು ತಪ್ಪಿಸಲೆಂದು ಆತನು ಮಸೂರದೊಳಗೆ ಬೆಳಕು ಬರುವ ಕೋನವನ್ನು ಕಿರಿದಾಗಿಸಿದ್ದನು. ಆದರೆ ಸೂಕ್ಷ್ಮ ವಿವರಗಳನ್ನು ಹೊತ್ತು ತರುವುದು ಅಗಲವಾಗಿ ಹರಡಿದ ಆ ಬೆಳಕೇ ಆಗಿತ್ತು. ಬೆಳಕು ಅಲೆಯಾಗಿರುವುದರಿಂದ ಅತಿ ಸಣ್ಣ ವಸ್ತುವಿನ ಅಂಚಿನಲ್ಲಿ ಅದು ಬಾಗಿ ಹರಡುತ್ತದೆ. ಇದಕ್ಕೆ ವಿವರ್ತನೆಯೆಂದು ಹೆಸರು. ಹರಡಿದ ಬೆಳಕನ್ನು ಎಷ್ಟು ಹೆಚ್ಚಾಗಿ ಮಸೂರವು ಒಳಕ್ಕೆ ತೆಗೆದುಕೊಳ್ಳುವುದೋ ಅಷ್ಟು ಸ್ಪಷ್ಟ ಬಿಂಬ. 1873ರಲ್ಲಿ ಅಬ್ಬೆ ಈ ತತ್ತ್ವವನ್ನು ಪ್ರಕಟಿಸಿ, ಸಾಮಾನ್ಯ ಸೂಕ್ಷ್ಮದರ್ಶಕವು ಬೆಳಕಿನ ಅಲೆಯ ಉದ್ದದ ಸುಮಾರು ಅರ್ಧಕ್ಕಿಂತ ಸಣ್ಣ ವಿವರವನ್ನು ಬೇರ್ಪಡಿಸಿ ತೋರಿಸಲಾರದು ಎಂಬುದನ್ನು ಸಿದ್ಧಪಡಿಸಿದನು. ಕಣ್ಣಿಗೆ ಎಷ್ಟು ಕಾಣುವುದೆಂಬುದನ್ನಷ್ಟೇ ಅಲ್ಲ, ಎಲ್ಲಿಂದ ಮುಂದೆ ಕಾಣದೆಂಬುದನ್ನೂ ಆತನು ಅಳೆದನು. ಈ ಲೆಕ್ಕದ ಮೇಲೆ ರಚಿತವಾದ ಝೈಸ್ ಸೂಕ್ಷ್ಮದರ್ಶಕಗಳು ಲೋಕಪ್ರಸಿದ್ಧವಾದವು. 1882ರಲ್ಲಿ ರಾಬರ್ಟ್ ಕಾಖ್ ಕ್ಷಯರೋಗದ ಜೀವಾಣುವನ್ನು ಕಂಡುಹಿಡಿದದ್ದು ಇಂತಹ ಉಪಕರಣದ ನೆರವಿನಿಂದಲೇ.

ಇನ್ನೊಂದು ಕೊರತೆ ಉಳಿದಿತ್ತು. ಎಷ್ಟೇ ಚೆನ್ನಾಗಿ ಲೆಕ್ಕ ಹಾಕಿದರೂ ಗಾಜು ಒಳ್ಳೆಯದಿಲ್ಲವಾದರೆ ಮಸೂರ ಒಳ್ಳೆಯದಾಗದು. ಮಣ್ಣು ಹದವಾಗಿಲ್ಲದಿದ್ದರೆ ಕುಂಬಾರನ ಕೈ ಏನು ಮಾಡೀತು? ಒಟ್ಟೊ ಷಾಟ್ ಎಂಬ ತರುಣ ರಸಾಯನವಿಜ್ಞಾನಿ ಹೊಸ ಬಗೆಯ ಗಾಜುಗಳನ್ನು ಕರಗಿಸಿ ಮಾಡುತ್ತಿರುವುದನ್ನು ತಿಳಿದು ಅಬ್ಬೆ ಅವನನ್ನು ಯೇನಾಕ್ಕೆ ಕರೆಸಿಕೊಂಡನು. 1884ರಲ್ಲಿ ಅಲ್ಲಿ ಗಾಜಿನ ಪ್ರಯೋಗಾಲಯ ಸ್ಥಾಪಿತವಾಯಿತು. ಝೈಸನ ಕೈಚಳಕ, ಷಾಟನ ಗಾಜು, ಅಬ್ಬೆಯ ಗಣಿತ ಈ ಮೂರೂ ಕೂಡಿದ ಮೇಲೆ ದುರ್ಬೀನಿನ ಕಾಲ ಬಂದಿತು.

ಅದುವರೆಗಿನ ಜೋಡಿ ದುರ್ಬೀನುಗಳು ಗೆಲಿಲಿಯೋ ಬಗೆಯವು. ಅವುಗಳಲ್ಲಿ ವಸ್ತು ನೆಟ್ಟಗೆ ಕಾಣುತ್ತಿತ್ತು. ಆದರೆ ಹೆಚ್ಚು ದೊಡ್ಡದಾಗುತ್ತಿರಲಿಲ್ಲ, ನೋಟದ ಹರಹೂ ಕಿರಿದು. ಕೆಪ್ಲರ್ ಬಗೆಯ ದುರ್ಬೀನಿನಲ್ಲಿ ವಸ್ತು ದೊಡ್ಡದಾಗಿ ಕಾಣುತ್ತಿತ್ತು; ಆದರೆ ತಲೆಕೆಳಗಾಗಿ! ಎರಡು ಅಶ್ರಗಗಳ ಒಳಗೆ ಬೆಳಕನ್ನು ನಾಲ್ಕು ಬಾರಿ ಪ್ರತಿಫಲಿಸಿ ಬಿಂಬವನ್ನು ನೆಟ್ಟಗೆ ಮಾಡಬಹುದೆಂದು ಅಬ್ಬೆ ಕಂಡನು. ಬೆಳಕು ಒಳಗೇ ಹಿಂದುಮುಂದಾಗಿ ಸುತ್ತಿ ಬರುವುದರಿಂದ ಉದ್ದನೆಯ ಕೊಳವೆಯ ಅಗತ್ಯವೂ ತಪ್ಪುತ್ತಿತ್ತು. 1870ರ ದಶಕದಲ್ಲಿಯೇ ಆತನು ಈ ಪ್ರಯೋಗ ಮಾಡಿದ್ದರೂ ಒಳ್ಳೆಯ ಗಾಜಿಗಾಗಿ ಕಾಯಬೇಕಾಯಿತು. 1893ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಸಲ್ಲಿಸಿದಾಗ ಒಂದು ಸಂಗತಿ ಹೊರಬಿದ್ದಿತು. ಅಶ್ರಗಗಳ ಈ ಜೋಡಣೆಯನ್ನು ಇಟಲಿಯ ಇಗ್ನಾಜಿಯೊ ಪೊರ್ರೊ ಎಂಬಾತನು 1854ರಷ್ಟು ಹಿಂದೆಯೇ ಕಂಡುಹಿಡಿದಿದ್ದನು. ಆದುದರಿಂದ ಅಬ್ಬೆಯ ಹೊಸ ಕಲ್ಪನೆಗೆ ಮಾತ್ರ ಹಕ್ಕುಪತ್ರ ದೊರೆಯಿತು. ಮುಂದಿನ ಮಸೂರಗಳನ್ನು ಕಣ್ಣುಗಳ ನಡುವಣ ಅಂತರಕ್ಕಿಂತ ಹೆಚ್ಚು ದೂರದಲ್ಲಿ ಇರಿಸುವುದೇ ಆ ಕಲ್ಪನೆ. ಇದರಿಂದ ಹಿಂದುಮುಂದಿನ ಅಂತರ ಉಬ್ಬಿ ಕಾಣುತ್ತದೆ. ಯಾವ ಬಂಡೆ ಮುಂದಿದೆ, ಯಾವುದು ಹಿಂದಿದೆ ಎಂಬುದು ಸ್ಪಷ್ಟವಾಗುತ್ತದೆ. 1894ರಲ್ಲಿ ನಾಲ್ಕು, ಆರು, ಎಂಟು ಪಟ್ಟು ವರ್ಧಿಸುವ ಮೂರು ಬಗೆಯ ದುರ್ಬೀನುಗಳು ಮಾರಾಟಕ್ಕೆ ಬಂದವು. ಇಂದು ನಾವು ಕಾಣುವ, ಭುಜಗಳಿರುವ ಬೈನಾಕ್ಯುಲರುಗಳ ಮೂಲಪುರುಷರು ಇವೇ.

ಹಳೆಯ ವಸ್ತುಗಳನ್ನು ಸಂಗ್ರಹಿಸುವವರು ಈ ದುರ್ಬೀನುಗಳ ವಯಸ್ಸನ್ನು ಹೇಗೆ ತಿಳಿಯುತ್ತಾರೆ? ದುರ್ಗದ ವಿದ್ಯಾರ್ಥಿಗಳಿಗೆ ಈ ವಿದ್ಯೆ ಹೊಸದಲ್ಲ. ಊರ ಪಕ್ಕದ ಚಂದ್ರವಳ್ಳಿಯ ಉತ್ಖನನದಲ್ಲಿ ಶಾತವಾಹನರ ನಾಣ್ಯಗಳೊಂದಿಗೆ ರೋಮನ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ನಾಣ್ಯಗಳೂ ದೊರೆತಿವೆ. ಮಣ್ಣಿನ ಒಂದು ಪದರದಲ್ಲಿ ಟೈಬೀರಿಯಸನ ನಾಣ್ಯವಿದ್ದರೆ ಆ ಪದರವು ಆತನ ಆಳ್ವಿಕೆಗಿಂತ ಹಿಂದಿನದಾಗಲಾರದು, ಅನಂತರದ್ದಾಗಿರಬಹುದು. ದುರ್ಬೀನಿನ ಪ್ರತಿಯೊಂದು ಗುರುತನ್ನೂ ಇದೇ ತರ್ಕದಿಂದ ಓದಬೇಕು.

ಮೊದಲು ನೋಡಬೇಕಾದುದು ಹೆಸರು ಮತ್ತು ಊರು. ಬಳಿಕ ಅಂಕಿಗಳು. 8×30 ಎಂದಿದ್ದರೆ ಎಂಟು ಪಟ್ಟು ವರ್ಧನೆ, ಮುಂದಿನ ಮಸೂರದ ವ್ಯಾಸ 30 ಮಿಲಿಮೀಟರ್ ಎಂದರ್ಥ. ಅಳತೆಪಟ್ಟಿಯಿಂದ ಅಳೆದು ಬರಹ ನಿಜವೇ ಎಂದು ನೋಡಬಹುದು. ಝೈಸ್ ದುರ್ಬೀನುಗಳಿಗೆ ಕ್ರಮಸಂಖ್ಯೆಯಿರುತ್ತದೆ. ಒಂದೇ ಕಾರ್ಖಾನೆಯ ಸಾಲಿನಲ್ಲಿ ಚಿಕ್ಕ ಸಂಖ್ಯೆ ಹಳೆಯದನ್ನೂ ದೊಡ್ಡ ಸಂಖ್ಯೆ ಹೊಸದನ್ನೂ ಸೂಚಿಸುತ್ತದೆ. ‘08’ ಎಂಬ ಅಂಕಿಯೊಂದಿಗೆ ಸೈನ್ಯದ ದುರ್ಬೀನೆಂದು ಬರೆದಿದ್ದರೆ ಅದು ಮೊದಲ ಮಹಾಯುದ್ಧದ ಕಾಲದ ಜರ್ಮನ್ ಸೈನಿಕರು ಬಳಸಿದ ಬಗೆ. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿಗೆ ಕಾರ್ಖಾನೆಯ ಗುರುತು ಸಿಗದಿರಲೆಂದು ಹೆಸರಿನ ಬದಲು ಮೂರು ಸಣ್ಣ ಅಕ್ಷರಗಳನ್ನು ಕೆತ್ತುತ್ತಿದ್ದರು. ‘ಬಿ.ಎಲ್.ಸಿ.’ ಎಂದರೆ ಯೇನಾದ ಝೈಸ್; ‘ಬಿ.ಇ.ಎಚ್.’ ಎಂದರೆ ವೆಟ್ಸ್‌ಲಾರಿನ ಲೈಟ್ಸ್.

ಮಸೂರದ ಹೊಳಪೂ ಸಾಕ್ಷಿ ಹೇಳುತ್ತದೆ. ಬೆಳಕಿಗೆ ಹಿಡಿದಾಗ ಕಿಟಕಿಯ ಗಾಜಿನಂತೆ ಬಿಳಿಯಾಗಿ ಹೊಳೆದರೆ ಅದು ಲೇಪವಿಲ್ಲದ ಹಳೆಯ ಮಸೂರ. ನೀಲಿ ಅಥವಾ ನೇರಳೆಯ ಛಾಯೆ ಕಂಡರೆ ಪ್ರತಿಫಲನವನ್ನು ತಗ್ಗಿಸುವ ಲೇಪವಿದೆಯೆಂದು ತಿಳಿಯಬೇಕು. ಈ ಲೇಪವನ್ನು ಝೈಸ್ ಕಾರ್ಖಾನೆಯ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಕಂಡುಹಿಡಿದನು. ಆದುದರಿಂದ ಕಾರ್ಖಾನೆಯಲ್ಲಿಯೇ ಲೇಪ ಪಡೆದ ಮಸೂರವು 1935ಕ್ಕಿಂತ ಹಿಂದಿನದಾಗಲಾರದು. ಚಂದ್ರವಳ್ಳಿಯ ನಾಣ್ಯದ ತರ್ಕವೇ ಇದು. 1945ರ ಅನಂತರ ಜರ್ಮನಿ ಇಬ್ಭಾಗವಾದಾಗ ಕಾರ್ಖಾನೆಯೂ ಇಬ್ಭಾಗವಾಯಿತು. ಯೇನಾ ಪೂರ್ವದಲ್ಲಿ ಉಳಿಯಿತು. ಪಶ್ಚಿಮಕ್ಕೆ ಹೋದ ತಜ್ಞರು ಓಬರ್‌ಕೋಖೆನ್ ಎಂಬಲ್ಲಿ ಹೊಸ ಕಾರ್ಖಾನೆ ಕಟ್ಟಿದರು. ‘ಡಿ.ಡಿ.ಆರ್.’ ಎಂಬ ಅಕ್ಷರಗಳು 1949ರಿಂದ 1990ರವರೆಗೆ ಇದ್ದ ಪೂರ್ವ ಜರ್ಮನಿಯ ಗುರುತು. ‘ಪಶ್ಚಿಮ ಜರ್ಮನಿ’ ಎಂಬ ಬರಹವೂ ಹಾಗೆಯೇ ಆ ವಿಭಜನೆಯ ಕಾಲವನ್ನು ಸಾರುತ್ತದೆ.

ಆದರೆ ಒಂದೇ ಗುರುತನ್ನು ನಂಬಿ ತೀರ್ಪು ಕೊಡಬಾರದು. ಹಳೆಯ ದುರ್ಬೀನಿಗೆ ಹೊಸ ಮಸೂರ ಹಾಕಿರಬಹುದು. ಅಗ್ಗದ ಸರಕಿನ ಮೇಲೆ ಪ್ರಸಿದ್ಧ ಹೆಸರನ್ನು ಕೆತ್ತಿರಬಹುದು. ಚರ್ಮದ ಚೀಲ ಬೇರೊಂದರದಾಗಿರಬಹುದು. ಹೆಸರು, ಸಂಖ್ಯೆ, ಗಾಜು, ಕಟ್ಟಡ ಎಲ್ಲವೂ ಒಂದೇ ಮಾತನ್ನು ಹೇಳಿದರೆ ಮಾತ್ರ ಅದು ನಿಜ. ಹೊಳಪಿಗಾಗಿ ಹಿತ್ತಾಳೆಯನ್ನು ಉಜ್ಜುವುದು ಶಾಸನದ ಅಕ್ಷರವನ್ನು ಉಳಿಯಿಂದ ಕೆರೆದಂತೆಯೇ. ಇಂತಹ ಯಾವ ದುರ್ಬೀನಿನಿಂದಲೂ ಸೂರ್ಯನನ್ನು ನೋಡಬಾರದು. ನೋಡಿದರೆ ಕಣ್ಣೇ ಹೋದೀತು.

ಇನ್ನು ಅಬ್ಬೆಯ ಬಾಳಿನ ಹಿರಿದಾದ ಸಂಗತಿಗೆ ಬರೋಣ. ಝೈಸನು 1876ರಲ್ಲಿಯೇ ಅವನನ್ನು ತನ್ನ ಪಾಲುದಾರನನ್ನಾಗಿ ಮಾಡಿಕೊಂಡಿದ್ದನು. 1888ರಲ್ಲಿ ಝೈಸ್ ತೀರಿಕೊಂಡನು. ಕೆಲವೇ ವರ್ಷಗಳಲ್ಲಿ ಗಿರಣಿಯ ಕೆಲಸಗಾರನ ಮಗನು ಜಗತ್ಪ್ರಸಿದ್ಧ ಕಾರ್ಖಾನೆಯ ಒಡೆಯನಾದನು. ಹಣವೂ ಇತ್ತು, ಕೀರ್ತಿಯೂ ಇತ್ತು. ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಅಪಾರ ಸಂಪತ್ತನ್ನು ಬಿಟ್ಟುಹೋಗಬಹುದಾಗಿತ್ತು. ಆದರೆ ಈ ಸಂಪತ್ತು ತನ್ನೊಬ್ಬನ ಬುದ್ಧಿಯ ಫಲವಲ್ಲವೆಂದು ಆತನು ಬಗೆದನು. ಮಸೂರ ಉಜ್ಜಿದ ಕೈಗಳಿಗೂ ಗಾಜು ಕರಗಿಸಿದ ಕೈಗಳಿಗೂ ತನಗೆ ವಿದ್ಯೆಯನ್ನಿತ್ತ ವಿಶ್ವವಿದ್ಯಾನಿಲಯಕ್ಕೂ ಇದರಲ್ಲಿ ಪಾಲಿದೆಯೆಂದು ನಂಬಿದನು. 1889ರಲ್ಲಿ ಆತನು ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ, 1891ರಲ್ಲಿ ಕಾರ್ಖಾನೆಯಲ್ಲಿದ್ದ ತನ್ನ ಒಡೆತನವನ್ನು ಅದಕ್ಕೆ ಒಪ್ಪಿಸಿಬಿಟ್ಟನು. ಅಂದಿನಿಂದ ಒಡೆಯನಾಗಿದ್ದವನು ಸಂಬಳ ಪಡೆಯುವ ಅಧಿಕಾರಿಯಾದನು. ಪ್ರತಿಷ್ಠಾನಕ್ಕೆ ಆತನು ಇಟ್ಟುದು ತನ್ನ ಹೆಸರನ್ನಲ್ಲ, ಕಾರ್ಲ್ ಝೈಸನ ಹೆಸರನ್ನು.

1896ರಲ್ಲಿ ಪ್ರತಿಷ್ಠಾನದ ನಿಯಮಾವಳಿ ಸಿದ್ಧವಾಯಿತು. ಎಷ್ಟೇ ದೊಡ್ಡ ಅಧಿಕಾರಿಯಾದರೂ ಅವನ ಸಂಬಳ ಸಾಮಾನ್ಯ ಕಾರ್ಮಿಕನ ಸರಾಸರಿ ಗಳಿಕೆಯ ಹತ್ತುಪಟ್ಟನ್ನು ಮೀರಕೂಡದು. ಕುಲ, ಮತ, ರಾಜಕೀಯ ಪಕ್ಷಗಳನ್ನು ನೋಡಿ ಯಾರನ್ನೂ ನೇಮಿಸಕೂಡದು. ಕಾರ್ಮಿಕರಿಗೆ ಸಂಬಳಸಹಿತ ರಜೆ, ಕಾಯಿಲೆಯಲ್ಲಿ ನೆರವು, ಮುಪ್ಪಿನಲ್ಲಿ ನಿವೃತ್ತಿವೇತನ ಇರತಕ್ಕದ್ದು. ಇವು ಆ ಕಾಲದ ಉದ್ಯಮಿಗಳಿಗೆ ಸೋಜಿಗವೆನಿಸಿದ ನಿಯಮಗಳು. ಲಾಭದ ಒಂದು ಭಾಗ ವಿಶ್ವವಿದ್ಯಾನಿಲಯಕ್ಕೂ, ಊರಿನ ಸಾರ್ವಜನಿಕ ವಾಚನಾಲಯದಂತಹ ಸಂಸ್ಥೆಗಳಿಗೂ ಸಲ್ಲುತ್ತಿತ್ತು.

ಅಬ್ಬೆಯ ಮನಸ್ಸು ಇಷ್ಟಕ್ಕೇ ತೃಪ್ತವಾಗಲಿಲ್ಲ. ಯಂತ್ರಕ್ಕೆ ಒರಗಿ ಉಣ್ಣುತ್ತಿದ್ದ ತಂದೆಯ ಚಿತ್ರ ಅವನ ಕಣ್ಣ ಮುಂದಿತ್ತು. 1900ರಲ್ಲಿ, ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಅಣೆಕಟ್ಟು ಏಳುತ್ತಿದ್ದ ಅದೇ ಕಾಲದಲ್ಲಿ, ಆತನು ತನ್ನ ಕಾರ್ಖಾನೆಯಲ್ಲಿ ದುಡಿಮೆಯ ವೇಳೆಯನ್ನು ದಿನಕ್ಕೆ ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಸಿದನು. ಕೆಲಸ ಕುಂಠಿತವಾಗಿ ಕಾರ್ಖಾನೆ ಮುಳುಗುವುದೆಂಬ ಶಂಕೆ ಸಹಜವಾಗಿತ್ತು. ಅಬ್ಬೆ ಅದಕ್ಕೆ ಬರಿಯ ಕರುಣೆಯ ಮಾತಿನಿಂದ ಉತ್ತರಿಸಲಿಲ್ಲ. ಬೆಳಕನ್ನು ಅಳೆದವನು ದುಡಿಮೆಯನ್ನೂ ಅಳೆದನು. ಇನ್ನೂರಕ್ಕೂ ಹೆಚ್ಚು ಕಾರ್ಮಿಕರ ಲೆಕ್ಕಗಳನ್ನು ವರ್ಷದ ಹಿಂದಿನ ಲೆಕ್ಕಗಳೊಂದಿಗೆ ಹೋಲಿಸಿ ನೋಡಿದನು. ಎಂಟು ಗಂಟೆಗಳಲ್ಲಿ ಆದ ಕೆಲಸ ಒಂಬತ್ತು ಗಂಟೆಗಳ ಕೆಲಸಕ್ಕಿಂತ ಕಡಮೆಯಾಗಿರಲಿಲ್ಲ. ತುಸು ಹೆಚ್ಚೇ ಆಗಿತ್ತು. ವಿಶ್ರಾಂತಿ ಪಡೆದ ಕೈ ಚುರುಕಾಗಿ ದುಡಿಯುತ್ತದೆ ಎಂಬುದು ಅಂಕಿಗಳಿಂದ ಸಿದ್ಧವಾಯಿತು.

ಇತರರ ದುಡಿಮೆಯನ್ನು ಹಗುರ ಮಾಡಿದ ಅಬ್ಬೆ ತನ್ನ ದುಡಿಮೆಯನ್ನು ಮಾತ್ರ ಹಗುರ ಮಾಡಿಕೊಳ್ಳಲಿಲ್ಲ. ವರ್ಷಾನುಗಟ್ಟಲೆ ರಾತ್ರಿಗಳನ್ನು ಲೆಕ್ಕದಲ್ಲಿ ಕಳೆದುದರಿಂದ ನಿದ್ರೆ ದೂರವಾಯಿತು, ದೇಹ ಕೃಶವಾಯಿತು. 1903ರಲ್ಲಿ ಆತನು ಕಾರ್ಖಾನೆಯ ಹೊಣೆಯಿಂದ ನಿವೃತ್ತನಾದನು. 1905ರ ಜನವರಿ 14ರಂದು ಯೇನಾದಲ್ಲಿ ನಿಧನ ಹೊಂದಿದನು. ಆ ಊರಿನಲ್ಲಿ ಆತನ ಸ್ಮಾರಕವಿದೆ. ಸೂಕ್ಷ್ಮದರ್ಶಕದ ಮಿತಿಯನ್ನು ತಿಳಿಸುವ ಆತನ ಸೂತ್ರವನ್ನು ಅಲ್ಲಿ ಕಲ್ಲಿನ ಮೇಲೆ ಕೊರೆದಿದ್ದಾರೆ.

ಅಬ್ಬೆ ಬೆಳೆಸಿದ ಕಾರ್ಖಾನೆಯ ಉಪಕರಣಗಳು ನಮ್ಮ ನಾಡಿಗೂ ಬಂದಿವೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ತಮಿಳುನಾಡಿನ ಕಾವಲೂರಿನಲ್ಲಿ ನಡೆಸುವ ವೀಕ್ಷಣಾಲಯದಲ್ಲಿ 1972ರಲ್ಲಿ ಸ್ಥಾಪಿತವಾದ ಒಂದು ಮೀಟರ್ ವ್ಯಾಸದ ದೂರದರ್ಶಕವು ಯೇನಾದ ಝೈಸ್ ಕಾರ್ಖಾನೆಯದು. 1977ರಲ್ಲಿ ಯುರೇನಸ್ ಗ್ರಹದ ಉಂಗುರಗಳು ಪತ್ತೆಯಾದಾಗ ಆ ವೀಕ್ಷಣೆಯಲ್ಲಿ ಈ ದೂರದರ್ಶಕವೂ ಪಾಲ್ಗೊಂಡಿತ್ತು.

ಬುರುಜಿನ ಮೇಲೆ ನಿಂತು ದುರ್ಬೀನನ್ನು ಕಣ್ಣಿಗೆ ಹಿಡಿದಾಗ ದೂರದ ಬೆಟ್ಟ ಹತ್ತಿರಕ್ಕೆ ಬರುತ್ತದೆ. ದುರ್ಬೀನನ್ನು ತಿರುಗಿಸಿ ಅದರ ಮೇಲಿನ ಬರಹವನ್ನು ಓದಿದರೆ ಅದು ಹುಟ್ಟಿದ ಊರು ತಿಳಿಯುತ್ತದೆ, ಕಾಲವೂ ತಿಳಿಯುತ್ತದೆ. ಬರೆಯದೆ ಬಿಟ್ಟ ಹೆಸರು ಮಾತ್ರ ಅಲ್ಲಿ ಕಾಣದು. ತಂದೆ ನಿಂತುಕೊಂಡೇ ಉಂಡುದನ್ನು ಕಂಡ ಬಾಲಕನೊಬ್ಬನು, ಮುಂದೆ ಸಾವಿರಾರು ತಂದೆಯರು ಕುಳಿತು ನೆಮ್ಮದಿಯಿಂದ ಉಣ್ಣುವಂತೆ ಮಾಡಿದನು. ದೂರದ ವಸ್ತುವನ್ನು ಹತ್ತಿರ ತಂದವರು ಹಲವರಿದ್ದಾರೆ. ದೂರವಾಗಿದ್ದ ಮನುಷ್ಯರನ್ನು ಹತ್ತಿರ ತಂದವರು ವಿರಳ. ಅರ್ನ್ಸ್ಟ್ ಅಬ್ಬೆ ಎರಡನ್ನೂ ಮಾಡಿದವನು.